ಪಟ್ಟಕದ ಘನಫಲ
ಸಮಾಂತರವೂ ಸರ್ವಸಮವೂ ಆದ ಎರಡು ಬಹುಭುಜ ಪಾದಗಳಿಂದಲೂ ಅವನ್ನು ಕೂಡಿಸುವ ಸಮಾಂತರ ಚತುರ್ಭುಜಾಕಾರದ ಪಾರ್ಶ್ವಮುಖಗಳಿಂದಲೂ ಆವೃತವಾದ ಘನಾಕೃತಿಯ ಪರಿಮಾಣ. ಪಾದದ ಕ್ಷೇತ್ರಫಲವನ್ನು ಎತ್ತರದಿಂದ ಗುಣಿಸಿದರೆ ದೊರೆಯುತ್ತದೆ. ಓರೆಯಾದ ಪಟ್ಟಕದಲ್ಲಿಯೂ ಗಣನೆಗೆ ಬರತಕ್ಕುದು ಪಾರ್ಶ್ವದಂಚಿನ ಉದ್ದವಲ್ಲ, ಪಾದಗಳ ನಡುವಣ ಲಂಬದೂರವೇ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದ ಖಾತವ್ಯವಹಾರ ಪ್ರಕರಣವು ಅಗೆದ ಗುಂಡಿಯ ಕ್ಷೇತ್ರಫಲವನ್ನು ಆಳದಿಂದ ಗುಣಿಸುವ ಈ ವಿಧಾನವನ್ನೇ ನಿರೂಪಿಸಿ, ಇಟ್ಟಿಗೆಯ ಕಟ್ಟಡಗಳ ಲೆಕ್ಕಕ್ಕೂ ವಿಸ್ತರಿಸಿರುವುದು ಕನ್ನಡನಾಡಿನ ಗಣಿತಪರಂಪರೆಯ ಗಣ್ಯ ಸಾಧನೆ. ದೇವರಗುಡ್ಡ, ರಾಣೆಬೆನ್ನೂರು ಸೀಮೆಯಲ್ಲಿ ಕೆರೆಯ ಏರಿಗೆ ಹಾಕುವ ಮಣ್ಣನ್ನು ಅಳೆಯುವಾಗ ಏರಿಯ ಅಡ್ಡಸೀಳೇ ಪಾದ, ಉದ್ದವೇ ಪಟ್ಟಕದ ಎತ್ತರ: ನೆತ್ತಿಯಲ್ಲಿ 2 ಮೀಟರು, ಬುಡದಲ್ಲಿ 8 ಮೀಟರು ಅಗಲವೂ 3 ಮೀಟರು ಎತ್ತರವೂ ಉಳ್ಳ ಏರಿಯ ಅಡ್ಡಸೀಳು 15 ಚದರ ಮೀಟರು, 100 ಮೀಟರು ಉದ್ದಕ್ಕೆ ಮಣ್ಣು 1,500 ಘನ ಮೀಟರು.