ಗಜಲಹಟ್ಟಿ ದಾರಿಯ ಚಕಮಕಿ ಕೋವಿಗಳು: ಕಾಲನಿರ್ಣಯದ ಕೆಲವು ಪ್ರಶ್ನೆಗಳು

1790ರ ಸೆಪ್ಟೆಂಬರ್‌ನಲ್ಲಿ ಟಿಪ್ಪು ಸುಲ್ತಾನನ ಸೇನೆ ತಾಳವಾಡಿ ಬೆಟ್ಟಗಳ ಮಗ್ಗುಲಿನ ಗಜಲಹಟ್ಟಿ ಕಣಿವೆಯನ್ನಿಳಿದು, ಸತ್ಯಮಂಗಲದ ಬಳಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿದ್ದ ಕರ್ನಲ್ ಫ್ಲಾಯ್ಡ್‌ನ ದಂಡಿನ ಮೇಲೆ ಬಿದ್ದಿತು. ಎರಡೂ ಕಡೆಯ ಕಾಲಾಳುಗಳು ಹೆಚ್ಚಾಗಿ ಹಿಡಿದದ್ದು ಚಕಮಕಿ ಕೋವಿಯನ್ನು. ಆ ಕಾಳಗದ್ದೆನ್ನುವ ಕೋವಿಯೊಂದು ಕೈಗೆ ಬಂದರೆ ಅದರ ನಳಿಗೆ, ಕಿಡಿ ಹಾರಿಸುವ ಲಾಕು, ಮರದ ಹಿಡಿ ಮೂರಕ್ಕೂ ಬೇರೆ ಬೇರೆಯಾಗಿ ವಯಸ್ಸು ಕಟ್ಟಬೇಕು. ದಂಡಿನ ಕೋವಿ ರಿಪೇರಿಯಲ್ಲೇ ಬಾಳಿದ ವಸ್ತು. ಅದಕ್ಕೆ ಒಂದೇ ಹುಟ್ಟಿದ ವರ್ಷವಿರುವುದು ಅಪರೂಪ.

ಮೈಸೂರಿನ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ, ಹೈದರನ ಹೆಸರಿನ ಮುದ್ರೆ, ಪಟ್ಟಣ ಎಂಬ ಶ್ರೀರಂಗಪಟ್ಟಣದ ಗುರುತು ಕಾಣುತ್ತವೆ. ಇವನ್ನು ಮತ್ತೊಬ್ಬ ಕೆತ್ತಬಹುದು. ಹೆಚ್ಚು ನಂಬಬಹುದಾದದ್ದು ವರ್ಷದ ಅಂಕೆ, ಹೆಚ್ಚು ದಾರಿ ತಪ್ಪಿಸುವುದೂ ಅದೇ. ಟಿಪ್ಪು 1787ರ ಸುಮಾರಿಗೆ ಹಿಜರಿ ಬಿಟ್ಟು ಮೌಲೂದಿ ಶಕೆಯನ್ನು ಜಾರಿಗೆ ತಂದ. ಅದರ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕೋವಿಯ ಮೇಲೆ 8121 ಎಂದು ಕಂಡರೆ ಅದು 1218, ಅಂದರೆ ಸುಮಾರು 1790. ಇದೇ 1218ನ್ನು ಹಿಜರಿ ಎಂದು ಎಣಿಸಿದರೆ 1803 ಬರುತ್ತದೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಹೀಗೆ ಅಸಲಿ ಕೋವಿಯೇ ನಕಲಿಯೆನಿಸಿಕೊಂಡುಬಿಡುತ್ತದೆ. ಮೌಲೂದಿಗೆ 572 ಕೂಡಿಸಿದರೆ ಕ್ರಿಸ್ತಶಕ ಸರಿಸುಮಾರಾಗಿ ಸಿಗುತ್ತದೆ; ವರ್ಷ ಯುಗಾದಿಯ ಹೊತ್ತಿಗೆ ಶುರುವಾಗುವುದರಿಂದ ಕೆಲವು ತಿಂಗಳ ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಕಂಪನಿಯ ಕೋವಿಗಳಲ್ಲಿ 39 ಅಂಗುಲದ ನಳಿಗೆ ಏನನ್ನೂ ಖಚಿತಪಡಿಸದು. ಆ ಅಳತೆ ದಶಕಗಟ್ಟಲೆ ಉಳಿದುಬಂತು. ನೋಡಬೇಕಾದದ್ದು ಲಾಕಿನ ಮೇಲಿನ ಗುರುತು: ಮೊದಲಿಗೆ ಹೃದಯಾಕಾರದ ಕಂಪನಿ ಮುದ್ರೆ, 1808ರ ಸುಮಾರಿನಿಂದ ಮುಂಗಾಲೆತ್ತಿ ನಿಂತ ಸಿಂಹ. ಸಿಂಹದ ಲಾಕು ಫ್ಲಾಯ್ಡ್‌ನ ಸಿಪಾಯಿಯ ಕೈಯಲ್ಲಿದ್ದಿರಲು ಸಾಧ್ಯವಿಲ್ಲ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ ಕಾನೂನಿನಡಿ ಸ್ಥಾಪನೆಯಾದದ್ದು 1813ರಲ್ಲಿ; ಅದರ ಮುದ್ರೆಯಿರುವ ನಳಿಗೆಗೂ ಇದೇ ಮಾತು. ಟಿಪ್ಪುವಿನ ಕಡೆ ಬಳಕೆಯಲ್ಲಿದ್ದ ಫ್ರೆಂಚ್ ಕೋವಿಗಳನ್ನು ಬೇರ್ಪಡಿಸುವುದು ಸುಲಭ: ಅವುಗಳ ನಳಿಗೆಯನ್ನು ಮರಕ್ಕೆ ಬಿಗಿಯುವುದು ಲೋಹದ ಬಳೆಗಳು, ಇಂಗ್ಲಿಷ್ ಕೋವಿಯಲ್ಲಾದರೆ ಅಡ್ಡಮೊಳೆಗಳು.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಕೇಪಿನ ಕೋವಿ ಬಂದಾಗ ಹಲವು ಹಳೆಯ ಕೋವಿಗಳ ರಂಜಕದ ಬಟ್ಟಲು ಕಿತ್ತು ಕೇಪು ಸಿಕ್ಕಿಸುವ ಮೊಲೆತೊಟ್ಟಿನಂಥ ತುದಿ ಕೂರಿಸಿದರು. ಬೆಲೆ ಏರಲೆಂದು ಇಂಥವನ್ನು ಮತ್ತೆ ಚಕಮಕಿಯಾಗಿಸುವುದೂ ಉಂಟು. ಅದರ ಸುಳಿವು ನಳಿಗೆಯ ಬುಡದಲ್ಲಿರುತ್ತದೆ: ಬೆಸುಗೆಯ ಉಬ್ಬು, ತುಂಬಿ ಮುಚ್ಚಿದ ತೂತು, ಸುತ್ತಲಿನ ತುಕ್ಕಿಗೆ ಹೊಂದದ ಹೊಸ ಕಿವಿ, ಅಂದರೆ ಬಟ್ಟಲಿನ ಬೆಂಕಿ ನಳಿಗೆಯೊಳಕ್ಕೆ ಹೋಗುವ ತೂತು. ಹಲವು ಸಲ ಸಿಡಿದ ಕಿವಿಯ ಅಂಚನ್ನು ಮದ್ದು ತಿಂದಿರುತ್ತದೆ, ಪಕ್ಕದ ಮರವೂ ಕರಕಲಾಗಿರುತ್ತದೆ. ಚಕಮಕಿ ಕಲ್ಲು ಹಿಡಿಯುವ ಕುದುರೆ, ಬಟ್ಟಲು, ಮರ ಮೂರೂ ಹಳೆಯವಾಗಿದ್ದು ಕಿವಿಯೊಂದೇ ಚೂಪಾಗಿ, ಸ್ವಚ್ಛವಾಗಿದ್ದರೆ ಆ ಕೋವಿಯನ್ನು ಮೂಲ ಚಕಮಕಿಯೆಂದು ದಾಖಲಿಸಲಾಗದು.