ಹಿಂದೆ ಉಳಿದ ತ್ರಿಚಕ್ರಿ: 1907ರ ಪೀಕಿಂಗ್–ಪ್ಯಾರಿಸ್ ಯಾತ್ರೆ

ಕೂಡಿ ಹೊರಡುವುದು ಸುಲಭ. ಕೂಡಿ ತಲಪುವುದು ಕಷ್ಟ. ಹೊರಡುವ ದಿನ ಹೆಬ್ಬಾಗಿಲಿನಲ್ಲಿ ಎಲ್ಲರ ಉತ್ಸಾಹವೂ ಸಮನಾಗಿರುತ್ತದೆ. ದಾರಿ ಸವೆದಂತೆಲ್ಲ ಬಲವುಳ್ಳವನ ನಡಿಗೆ ಬೇರೆ, ಬಲಹೀನನ ನಡಿಗೆ ಬೇರೆ ಎಂಬುದು ತಾನಾಗಿ ಹೊರಬೀಳುತ್ತದೆ. ಆಗ ಮುಂದೆ ಹೋದವನು ಏನು ಮಾಡುತ್ತಾನೆಂಬುದರಿಂದಲೇ ಆ ಕೂಟದ ಬೆಲೆ ನಿರ್ಣಯವಾಗುತ್ತದೆ. 1907ನೆಯ ಇಸವಿಯಲ್ಲಿ ಚೀನಾದ ರಾಜಧಾನಿಯಾದ ಪೀಕಿಂಗಿನಿಂದ ಫ್ರಾನ್ಸಿನ ರಾಜಧಾನಿಯಾದ ಪ್ಯಾರಿಸಿಗೆ ಐದು ಮೋಟಾರು ವಾಹನಗಳು ಹೊರಟ ವೃತ್ತಾಂತವು ಈ ಮಾತಿಗೆ ಒಳ್ಳೆಯ ದೃಷ್ಟಾಂತವಾಗಿದೆ. ಗೆದ್ದವನ ಹೆಸರು ಮೋಟಾರಿನ ಚರಿತ್ರೆಯಲ್ಲಿ ಸುಪ್ರಸಿದ್ಧ. ಆದರೆ ಆ ಯಾತ್ರೆಯ ಮರ್ಮವನ್ನು ಅರಿಯಬೇಕಾದರೆ, ಗೆದ್ದ ವಾಹನಕ್ಕಿಂತಲೂ ಮಿಗಿಲಾಗಿ, ದಾರಿಯಲ್ಲಿ ಉಳಿದುಹೋದ ಅತ್ಯಂತ ಚಿಕ್ಕ ವಾಹನದ ಕಡೆಗೆ ದೃಷ್ಟಿಯನ್ನು ಹರಿಸಬೇಕು.

ಈ ಸಾಹಸಕ್ಕೆ ಮೂಲವಾದದ್ದು ಒಂದು ವೃತ್ತಪತ್ರಿಕೆ. 1907ನೆಯ ಜನವರಿ 31ರಂದು ಪ್ಯಾರಿಸಿನ ‘ಲ ಮಾತಾಂ’ ಪತ್ರಿಕೆಯು ಲೋಕಕ್ಕೆ ಒಂದು ಸವಾಲನ್ನು ಹಾಕಿತು. ಮೋಟಾರು ಬಂಡಿಯಿದ್ದವನು ಎಲ್ಲಿಗೆ ಬೇಕಾದರೂ ಹೋಗಬಲ್ಲನೆಂದೂ, ಏನು ಬೇಕಾದರೂ ಮಾಡಬಲ್ಲನೆಂದೂ ತೋರಿಸಬೇಕಾಗಿದೆ. ಆ ವರ್ಷದ ಬೇಸಗೆಯಲ್ಲಿ ಪೀಕಿಂಗಿಗೂ ಪ್ಯಾರಿಸಿಗೂ ನಡುವೆ ಮೋಟಾರಿನಲ್ಲಿ ಸಂಚರಿಸುವ ಧೀರರು ಯಾರಾದರೂ ಉಂಟೆ? ಇದು ಅದರ ತಾತ್ಪರ್ಯ. ಆಗ ಯೂರೋಪಿನಲ್ಲಿಯೇ ಮೋಟಾರು ಬಂಡಿಯು ಶ್ರೀಮಂತರ ವಿನೋದದ ಸಾಮಗ್ರಿಯಾಗಿದ್ದಿತು. ಪೀಕಿಂಗಿನಿಂದ ಪ್ಯಾರಿಸಿಗೆ ಒಂಬತ್ತು ಸಾವಿರ ಮೈಲಿಗೂ ಮೀರಿದ ದೂರ. ಅದರಲ್ಲಿ ಬಹುಭಾಗ ಗಾಡಿದಾರಿಯೇ ಹೊರತು ರಸ್ತೆಯೆಂಬುದಿಲ್ಲ. ಮೊದಲು ಸುಮಾರು ನಲವತ್ತು ಮಂದಿ ಹೆಸರು ಕೊಟ್ಟರು. ಆದರೆ ಹಡಗಿಗೆ ಏರಿ ಪೂರ್ವ ಸಮುದ್ರವನ್ನು ಸೇರಿದ ವಾಹನಗಳು ಐದೇ ಐದು.

ಯಾತ್ರೆ ನಡೆಯಬೇಕಾದದ್ದು ಪರದೇಶದ ನೆಲದಲ್ಲಿ, ವಾಹನಗಳಿದ್ದದ್ದು ಯೂರೋಪಿನಲ್ಲಿ. ಆದುದರಿಂದ ಅವುಗಳನ್ನು ಹಡಗಿಗೆ ಹೇರಿ ಸಮುದ್ರಮಾರ್ಗವಾಗಿ ಚೀನಾದೇಶಕ್ಕೆ ಸಾಗಿಸಬೇಕಾಯಿತು. ಇಟಲಿಯ ರಾಜಕುಮಾರ ಶಿಪಿಯೋನೆ ಬೊರ್ಗೇಸೆಯದು ‘ಇಟಾಲ’ ಎಂಬ ದೊಡ್ಡ ಬಂಡಿ. ಸುಮಾರು 40 ಅಶ್ವಶಕ್ತಿಯದು. ಅವನೊಡನೆ ಎತ್ತೋರೆ ಗ್ವಿತ್ಸಾರ್ದಿ ಎಂಬ ನಿಪುಣನಾದ ಯಂತ್ರಗಾರನೂ, ಮಿಲಾನಿನ ‘ಕೊರ್ರಿಯೆರೆ ದೆಲ್ಲ ಸೇರ’ ಪತ್ರಿಕೆಯ ಬಾತ್ಮೀದಾರನಾದ ಲುಯಿಜಿ ಬರ್ಜೀನಿಯೂ ಇದ್ದರು. ಫ್ರಾನ್ಸಿನ ‘ದ ದಿಯೋಂ ಬೂತೋಂ’ ಕಂಪೆನಿಯ ಹತ್ತು ಅಶ್ವಶಕ್ತಿಯ ಎರಡು ಬಂಡಿಗಳನ್ನು ಜಾರ್ಜ್ ಕೊರ್ಮಿಯೆ, ವಿಕ್ತೋರ್ ಕೊಲಿನ್ಯೋಂ ಎಂಬವರು ನಡೆಸಿದರು. ಹಾಲೆಂಡಿನ ‘ಸ್ಪೈಕರ್’ ಬಂಡಿಯನ್ನು ನಡೆಸಿದವನು ಷಾರ್ಲ್ ಗೊದಾರ್. ಅವನ ಕೈಯಲ್ಲಿ ಹಣವಿರಲಿಲ್ಲ, ಬಂಡಿಯೂ ಎರವಲಿನದು. ಐದನೆಯದು ಆಗಸ್ತ್ ಪೊನ್ಸನ ‘ಕೊಂತಾಲ್’ ತ್ರಿಚಕ್ರಿ, ಆರೇ ಅಶ್ವಶಕ್ತಿಯದು. ಪೊನ್ಸನಿಗೆ ಜೊತೆಗಾರನಾಗಿ ಓಕ್ತಾವ್ ಫೂಕೋ ಎಂಬುವನಿದ್ದನು.

ಈ ತ್ರಿಚಕ್ರಿಯ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯಕ. ಅದು ಪೂರ್ಣವಾದ ಮೋಟಾರು ಬಂಡಿಯಲ್ಲ. ಮೋಟಾರು ಸೈಕಲ್ಲಿನ ಹತ್ತಿರದ ಬಂಧು. ಮುಂದುಗಡೆ ಎರಡು ಗಾಲಿ, ಅವುಗಳ ನಡುವೆ ಜೊತೆಗಾರನ ಆಸನ. ಹಿಂದೆ ನಡೆಸುವವನು, ಅವನ ಕೆಳಗೆ ಒಂದೇ ಗಾಲಿ. ಪ್ಯಾರಿಸಿನ ಕಲ್ಲುಹಾಸಿದ ಬೀದಿಗಳಲ್ಲಿ ಸಾಮಾನುಗಳನ್ನು ಸಾಗಿಸುವುದಕ್ಕೆ ಇಂತಹ ಬಂಡಿ ಸೊಗಸಾಗಿ ಒದಗುತ್ತಿದ್ದಿತು. ಆದರೆ ನಾಡಗಾಡಿಗಳು ತುಳಿದು ಕೊರೆದ ಜಾಡಿನಲ್ಲಿ ಎರಡು ಗಾಲಿಗಳು ಹೇಗೋ ಕೂತುಕೊಂಡರೂ ಮೂರನೆಯದು ನಡುವಣ ದಿಣ್ಣೆಯ ಮೇಲೆ ಎಗರಬೇಕು. ಮಳಲಿನಲ್ಲಿ ಮುಂದಿನ ಎರಡು ಗಾಲಿಗಳು ಉಳುತ್ತ ಹೋದರೆ, ತಳ್ಳುವ ಕೆಲಸವೆಲ್ಲ ಹಿಂದಿನ ಒಂಟಿ ಗಾಲಿಯದು. ಎಣ್ಣೆಯನ್ನೂ ನೀರನ್ನೂ ಆಹಾರವನ್ನೂ ಹೇರಿಕೊಳ್ಳುವುದಕ್ಕೆ ಜಾಗವೂ ಕಡಮೆ. ಇಂತಹ ವಾಹನವು ಮರುಭೂಮಿಯನ್ನು ದಾಟಬೇಕಾದರೆ ಹೆಚ್ಚು ಹೊರಬಲ್ಲ ದೊಡ್ಡ ವಾಹನಗಳ ನೆರಳಿನಲ್ಲಿಯೇ ಹೋಗಬೇಕು.

ಪೀಕಿಂಗಿನಲ್ಲಿ ಯಾತ್ರಿಕರಿಗೆ ಮೊದಲು ಎದುರಾದದ್ದು ದಾರಿಯ ತೊಡಕಲ್ಲ, ರಾಜ್ಯದ ತೊಡಕು. 1900ರ ಬಾಕ್ಸರ್ ದಂಗೆಯೂ, ಅದನ್ನಡಗಿಸಲು ಬಂದ ಪರಕೀಯ ಸೈನ್ಯಗಳ ಹಾವಳಿಯೂ ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದ್ದುವು. ಹೀಗಿರಲು, ಬಿಳಿಯರು ಕೆಲವರು ಯಂತ್ರಗಳನ್ನು ತಂದು ಮಂಗೋಲಿಯಾದ ಮೇಲೆ ಹಾದುಹೋಗುತ್ತೇವೆಂದರೆ ಚೀನೀ ಅಧಿಕಾರಿಗಳು ಅನುಮಾನಪಟ್ಟದ್ದು ಸಹಜವೇ ಸರಿ. ಈ ಅವಧಿಯಲ್ಲಿ ಬೊರ್ಗೇಸೆಯು ಸುಮ್ಮನೆ ಕುಳಿತಿರಲಿಲ್ಲ. ತನ್ನ ಬಂಡಿಯ ಅಗಲಕ್ಕೆ ಸರಿಯಾಗಿ ಒಂದು ಬಿದಿರುಗಳುವನ್ನು ಕತ್ತರಿಸಿಕೊಂಡು, ಕುದುರೆಯೇರಿ, ಬೆಟ್ಟದ ಕಣಿವೆಗಳನ್ನು ಅಳೆದು ಬಂದನು. ದೂರದ ದಾರಿಯಲ್ಲಿ ಅಲ್ಲಲ್ಲಿ ಎಣ್ಣೆಯ ದಾಸ್ತಾನು ಸಿದ್ಧವಾಗಿರುವಂತೆ ಒಂಟೆಗಳ ಸಾಲು ಮುಂಚಿತವಾಗಿಯೇ ಹೊರಟಿದ್ದಿತು. ಕಠಿನವಾದ ಪ್ರದೇಶವನ್ನು ದಾಟುವವರೆಗೆ ಒಬ್ಬರಿಗೊಬ್ಬರು ನೆರವಾಗಬೇಕೆಂಬ ಮಾತೂ ಯಾತ್ರಿಕರಲ್ಲಿ ನಡೆದಿದ್ದಿತು.

ಜೂನ್ 10ರ ಬೆಳಗ್ಗೆ ಐದು ವಾಹನಗಳೂ ಪೀಕಿಂಗನ್ನು ಬಿಟ್ಟುವು. ಎಲ್ಲಿಗೆ ಬೇಕಾದರೂ ಹೋಗಬಲ್ಲುದೆಂದು ಹೊಗಳಿಸಿಕೊಂಡಿದ್ದ ಮೋಟಾರು ಮೊದಲನೆಯ ಬೆಟ್ಟದ ಬುಡದಲ್ಲಿಯೇ ಸುಮ್ಮನಾಗಬೇಕಾಯಿತು. ನಾನ್‌ಕೌ ಕಣಿವೆಯ ಬಂಡೆಗಳ ಮೇಲೆ ಅದನ್ನು ಏರಿಸಿ ಇಳಿಸಿದವರು ಹಗ್ಗ ಹಿಡಿದ ಚೀನೀ ಕೂಲಿಗಳು. ಅವರ ಜೊತೆಗೆ ಹೇಸರಗತ್ತೆಗಳು. ಪೀಕಿಂಗಿನಿಂದ ಕಲ್ಗಾನಿಗೆ ಹೋಗುವ ರೈಲುಹಾದಿಯು ಆಗ ಇನ್ನೂ ಕಟ್ಟಡದಲ್ಲಿದ್ದು 1909ರಲ್ಲಿ ಮುಗಿಯಿತು. ಇಂದು ಝಾಂಗ್‌ಜಿಯಾಕೌ ಎಂದು ಕರೆಯಲ್ಪಡುವ ಆ ಕಲ್ಗಾನನ್ನು ಯಾತ್ರಿಕರು ಸೇರಿದ್ದು ಹೀಗೆ ಬಹುಪಾಲು ಮನುಷ್ಯರ ತೋಳಿನ ಬಲದಿಂದ. ಅಲ್ಲಿಂದಾಚೆಗೆ ಗೋಬಿ ಮರುಭೂಮಿ. ಮಂಗೋಲಿಯಾದ ಮುಖ್ಯ ಪಟ್ಟಣವಾದ ಉರ್ಗಾ, ಎಂದರೆ ಈಗಿನ ಉಲಾನ್‌ಬಾತರ್, ಆರುನೂರು ಮೈಲಿಗೂ ಮೀರಿದ ದೂರದಲ್ಲಿ. ಆ ಬಯಲಿನಲ್ಲಿ ದಿಕ್ಕು ತೋರಿಸುವ ಗುರುತು ತಂತಿಯ ಕಂಬಗಳ ಸಾಲು. ಗೋಬಿಯ ನಡುವಣ ಒಂದು ತಂತಿ ಕಚೇರಿಯಲ್ಲಿ ಬರ್ಜೀನಿಯು ತನ್ನ ಪತ್ರಿಕೆಗೆ ವರ್ತಮಾನ ಕಳುಹಿಸಲು ಹೋದಾಗ ಗುಮಾಸ್ತನು ಅದರ ಮೇಲೆ ಒಂದನೆಯ ನಂಬರನ್ನು ಬರೆದನಂತೆ. ಅದು ಆ ದಿನದ ಮೊದಲನೆಯ ತಂತಿಯಲ್ಲ; ಕಚೇರಿ ಹುಟ್ಟಿದಂದಿನಿಂದ ಅಲ್ಲಿಂದ ಹೊರಟ ಮೊದಲನೆಯ ತಂತಿ! ಆ ನಿರ್ಜನತೆಯನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸುವುದು ಕಷ್ಟ.

ಇಂತಹ ಪ್ರದೇಶದಲ್ಲಿ ಇಟಾಲವು ತನ್ನ ಶಕ್ತಿಗೆ ತಕ್ಕ ವೇಗದಲ್ಲಿ ಮುಂದೆ ನಡೆಯಿತು. ಉಳಿದ ದೊಡ್ಡ ಬಂಡಿಗಳೂ ತಮ್ಮ ತಮ್ಮ ವೇಗದಲ್ಲಿ ಸಾಗಿದುವು. ತ್ರಿಚಕ್ರಿಯು ಮಳಲಿನಲ್ಲಿ ಹೂತುಕೊಳ್ಳುತ್ತ, ಏಳುತ್ತ, ಹಿಂದೆ ಹಿಂದೆ ಬಿದ್ದಿತು. ಮುಂದಿನವರ ಧೂಳು ಕಣ್ಣಿಗೆ ಕಾಣದಾಯಿತು. ಎಣ್ಣೆ ಮುಗಿಯಿತು. ಪೊನ್ಸ್, ಫೂಕೋ ಇಬ್ಬರೂ ಬಂಡಿಯನ್ನು ಬಿಟ್ಟು ಕಾಲ್ನಡಿಗೆಯಲ್ಲಿ ಪ್ರಾಣ ಉಳಿಸಿಕೊಳ್ಳಬೇಕಾಯಿತು. ನೀರಿಲ್ಲ, ಕಣ್ಣು ಹರಿಯುವವರೆಗೂ ನೆರಳೆಂಬುದಿಲ್ಲ. ಮುಂದೆ ಹೋದ ವಾಹನಗಳಲ್ಲಿ ಒಂದಾದರೂ ಅವರನ್ನು ಕರೆದೊಯ್ಯಲು ಹಿಂದಿರುಗಿ ಬರಲಿಲ್ಲ. ಸಾವಿನ ಹೊಸ್ತಿಲಿನಲ್ಲಿದ್ದ ಇವರಿಬ್ಬರನ್ನು ಕಂಡು ಕಾಪಾಡಿದವರು ಆ ಸೀಮೆಯ ಜನರು. ಮನುಷ್ಯರು ಬದುಕಿಕೊಂಡರು, ತ್ರಿಚಕ್ರಿಯು ಗೋಬಿಯಲ್ಲಿಯೇ ಉಳಿಯಿತು. ಅದನ್ನು ಮತ್ತೆ ಯಾರೂ ತರಲಿಲ್ಲ.

ಇದರಲ್ಲಿ ತಪ್ಪು ಯಾರದು ಎಂದು ಕೇಳಬಹುದು. ಬೊರ್ಗೇಸೆಯನ್ನು ಕ್ರೂರಿಯೆನ್ನುವುದಕ್ಕೆ ಆಧಾರವಿಲ್ಲ. ಕೊರ್ಮಿಯೆ, ಕೊಲಿನ್ಯೋಂ ಇವರೂ ಸತ್ಪುರುಷರೇ ಇರಬಹುದು. ಗೋಬಿಯಲ್ಲಿ ನಿಂತರೆ ತಮ್ಮ ಎಣ್ಣೆ ನೀರುಗಳೂ ಕರಗುತ್ತವೆಂಬ ಭಯ ಅವರಿಗಿದ್ದರೆ ಅದು ಹುರುಳಿಲ್ಲದ ಭಯವಲ್ಲ. ದೋಷವು ಏರ್ಪಾಡಿನಲ್ಲಿಯೇ ಇದ್ದಿತು. ಮೊದಲು ತಲಪಿದವನಿಗೆ ಕೀರ್ತಿ ಎಂದು ಒಂದು ಕಡೆ ಸಾರಿ, ಒಬ್ಬರಿಗೊಬ್ಬರು ನೆರವಾಗಿರಿ ಎಂದು ಇನ್ನೊಂದು ಕಡೆ ಹೇಳಿದರೆ, ಇವೆರಡು ಮಾತುಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತು ಕೋಣಗಳಂತಾಗುತ್ತವೆ. ಸಮನೆಲದಲ್ಲಿ ಹೇಗೋ ನಡೆದರೂ ಇಳಿಜಾರಿನಲ್ಲಿ ಒಂದು ಏರಿಗೆಳೆಯುತ್ತದೆ, ಇನ್ನೊಂದು ನೀರಿಗೆಳೆಯುತ್ತದೆ. ಮಾತು ಕೊಟ್ಟವರು ಮುಂದೆ ಹೋದರು; ಯಾವ ಮಾತನ್ನೂ ಕೊಡದಿದ್ದವರು, ಈ ಪಂದ್ಯದ ಹೆಸರನ್ನೇ ಕೇಳದಿದ್ದವರು, ಬಂದು ಕೈಹಿಡಿದರು. ಬಯಲಿನಲ್ಲಿ ಬಾಯಾರಿ ಬಿದ್ದವನನ್ನು ಬಿಟ್ಟು ಹೋಗಬಾರದೆಂಬ ನೀತಿ ಅವರಿಗೆ ಯಾವ ಕರಾರಿನಿಂದಲೂ ಬಂದದ್ದಲ್ಲ.

ಗೆದ್ದ ಬಂಡಿಯ ಕಥೆಯನ್ನೂ ಈ ದೃಷ್ಟಿಯಿಂದಲೇ ಓದಬಹುದು. ಉರ್ಗಾದಿಂದಾಚೆಯ ಕೆಸರಿನಲ್ಲಿ ಇಟಾಲವು ಹೂತಾಗ ಅದನ್ನು ಎಳೆದು ತೆಗೆಯಲು ಊರ ಜನರೂ ಎತ್ತುಗಳೂ ಬೇಕಾದುವು. ಬೈಕಲ್ ಸರೋವರದ ಬಳಿ ರಸ್ತೆ ಕೆಟ್ಟಿದ್ದುದರಿಂದ ಅಪ್ಪಣೆ ಪಡೆದು ರೈಲುಹಾದಿಯ ಮೇಲೆಯೇ ನಡೆಯಿತು. ಮುದಿಯಾದ ಒಂದು ಮರದ ಸೇತುವೆಯು ಅದರ ಭಾರಕ್ಕೆ ಮುರಿದು ಬಂಡಿಯು ಮನುಷ್ಯರೊಡನೆ ಕೆಳಕ್ಕೆ ಬಿದ್ದಾಗ ಮೇಲೆತ್ತಿದವರು ರೈಲುಹಾದಿಯ ಕೂಲಿಗಾರರು. ಉರಲ್ ಪರ್ವತವನ್ನು ದಾಟಿದ ಮೇಲೆ ಪೆರ್ಮ್ ಸೀಮೆಯಲ್ಲಿ ಗಾಲಿಯೊಂದು ಜೀರ್ಣವಾಗಿ ಮುಂದೆ ಹೋಗದಾದಾಗ ರಷ್ಯದ ಒಬ್ಬ ಬಡಗಿಯು ಅದನ್ನು ಹೊಸದಾಗಿ ಕಟ್ಟಿಕೊಟ್ಟನು; ಕಾರ್ಖಾನೆಯ ಶಿಲ್ಪಿಗಳು ಮಾಡಿದ ಗಾಲಿ ಸೋತಲ್ಲಿ ಹಳ್ಳಿಯ ಬಡಗಿಯ ಕೈಕೆಲಸ ನಿಂತಿತು. ಹೀಗೆ ಮೋಟಾರಿನ ಸ್ವಾತಂತ್ರ್ಯವನ್ನು ಲೋಕಕ್ಕೆ ಸಾರಬೇಕೆಂದು ಹೊರಟ ಯಾತ್ರೆಯು ಹೆಜ್ಜೆಹೆಜ್ಜೆಗೂ ಪರರ ಉಪಕಾರವನ್ನು ಅವಲಂಬಿಸಿತು.

ಇಟಾಲವು ಮಾಸ್ಕೋ ನಗರವನ್ನು ಮುಟ್ಟಿದಾಗ ಉಳಿದವರು ಬಹಳ ಹಿಂದೆ ಇದ್ದರು. ಬೊರ್ಗೇಸೆಗೆ ಗೆಲುವಿನಲ್ಲಿ ಎಷ್ಟು ನಂಬಿಕೆಯಿದ್ದಿತೆಂದರೆ, ಸುತ್ತುದಾರಿಯಾದರೂ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಅಲ್ಲಿಯ ಔತಣವನ್ನು ಸ್ವೀಕರಿಸಿ ಮುಂದುವರಿದನು. ಆಗಸ್ಟ್ 10ರಂದು, ಹೊರಟ ಎರಡು ತಿಂಗಳಿಗೆ ಸರಿಯಾಗಿ, ಅವನು ಪ್ಯಾರಿಸನ್ನು ಪ್ರವೇಶಿಸಿದನು. ಫ್ರೆಂಚರ ಎರಡು ಬಂಡಿಗಳೂ ಸ್ಪೈಕರೂ ಬಂದದ್ದು ಆ ತಿಂಗಳು 30ರಂದು, ಇಪ್ಪತ್ತು ದಿನ ತಡವಾಗಿ. ಗೊದಾರನಿಗೆ ಆ ಸಂತೋಷವೂ ಪೂರ್ಣವಾಗಿ ದೊರೆಯಲಿಲ್ಲ. ದಾರಿಯುದ್ದಕ್ಕೂ ಎಣ್ಣೆಗಾಗಿ ಪರರನ್ನು ಬೇಡಿಕೊಂಡು, ಹಗಲಿರುಳೆನ್ನದೆ ಬಂಡಿಯನ್ನು ನಡೆಸಿ ಬಂದಿದ್ದ ಅವನನ್ನು, ಯಾತ್ರೆಯು ಇನ್ನೇನು ಮುಗಿಯಬೇಕೆನ್ನುವಾಗ, ವಂಚನೆಯ ಆರೋಪದ ಮೇಲೆ ಹಿಡಿದರು. ಬರ್ಜೀನಿಯು 1908ರಲ್ಲಿ ಈ ಯಾತ್ರೆಯ ಮೇಲೆ ಬರೆದ ಗ್ರಂಥವು ನಾನಾ ಭಾಷೆಗಳಲ್ಲಿ ಹರಡಿ ಇಟಾಲದ ಕೀರ್ತಿಯನ್ನು ನಿಲ್ಲಿಸಿತು. ಆ ಬಂಡಿಯು ಇಂದಿಗೂ ತೂರಿನ್ ನಗರದ ಮೋಟಾರು ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ.

ಪೊನ್ಸನು ಗೋಬಿಯಿಂದ ಬದುಕಿ ಬಂದವನಾದರೂ ಹೆದರಿ ಮನೆಯಲ್ಲಿ ಕೂರಲಿಲ್ಲ. ಮರುವರ್ಷ, 1908ರಲ್ಲಿ, ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಏರ್ಪಟ್ಟ ಪಂದ್ಯದಲ್ಲಿಯೂ ಒಂದು ಚಿಕ್ಕ ಬಂಡಿಯೊಡನೆ ಕಾಣಿಸಿಕೊಂಡನು. ಅದು ನೂರು ಮೈಲಿಯ ಸುಮಾರಿನಲ್ಲಿಯೇ ಮುರಿದು ನಿಂತಿತು. ಸೋಲು ಅವನನ್ನು ಬಿಡಲಿಲ್ಲ. ಅವನೂ ಸೋಲಿಗೆ ಬೆನ್ನು ತೋರಿಸಲಿಲ್ಲ. ಮುಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಗೀತನಾಟಕ ಮಂದಿರದಲ್ಲಿ ಜಗದ್ವಿಖ್ಯಾತಳಾದ ಗಾಯಕಿ ಲಿಲಿ ಪೊನ್ಸ್ ಅವನ ಮಗಳು.

ತೊಂಬತ್ತು ವರ್ಷಗಳ ತರುವಾಯ, 1997ರಲ್ಲಿ, ಪೀಕಿಂಗ್–ಪ್ಯಾರಿಸ್ ಯಾತ್ರೆಯನ್ನು ಹಳೆಯ ಮೋಟಾರುಗಳಿಂದ ಮತ್ತೆ ನಡೆಸಲಾಯಿತು. 2005ರಲ್ಲಿ ಆಸ್ಟ್ರೇಲಿಯದವರು ಮೂಲದ ಐದು ವಾಹನಗಳನ್ನು ಹೋಲುವ ಬಂಡಿಗಳನ್ನೇ ಕೂಡಿಸಿಕೊಂಡು ಆ ದಾರಿಯನ್ನು ಹಿಡಿದಾಗ ಕೊಂತಾಲ್ ತ್ರಿಚಕ್ರಿಯ ಪ್ರತಿರೂಪವನ್ನೂ ಕಟ್ಟಿಸಿದರು. ಸೋತು ಮಳಲಿನಲ್ಲಿ ಉಳಿದ ಚಿಕ್ಕ ಬಂಡಿಯನ್ನು ಬಿಟ್ಟರೆ ಯಾತ್ರೆಯ ಲೆಕ್ಕ ಸರಿಹೋಗದೆಂದು ಅವರಿಗೆ ತೋರಿರಬೇಕು. ಇಂದು ನಾನಾ ದೇಶಗಳ ತರುಣರು ತಮ್ಮ ಮೋಟಾರು ಸೈಕಲ್ಲುಗಳನ್ನು ಹಡಗಿನಲ್ಲಿ ಕಳುಹಿಸಿ, ತಾವು ಹೋಗಿ ಕೂಡಿಕೊಂಡು, ಪರದೇಶಗಳ ಮೇಲೆ ತಂಡವಾಗಿ ಸಂಚರಿಸುತ್ತಾರೆ. ಬಲ್ಲ ತಂಡಗಳಲ್ಲಿ ಒಂದು ವಾಡಿಕೆಯುಂಟು: ದಾರಿ ಬಲ್ಲವನೊಬ್ಬನು ಮುಂದೆ ಹೋದರೆ, ನುರಿತವನೊಬ್ಬನು ಎಲ್ಲರಿಗಿಂತ ಹಿಂದೆ ಬರುತ್ತಾನೆ; ಯಾರೂ ಅವನ ಹಿಂದೆ ಉಳಿಯಕೂಡದು. 1907ರ ಯಾತ್ರೆಯಲ್ಲಿ ಮುಂದೆ ಹೋಗುವವರಿಗೆ ಕೊರತೆಯಿರಲಿಲ್ಲ. ಹಿಂದೆ ಬರುವವನೊಬ್ಬನು ಇದ್ದಿದ್ದರೆ ಆ ತ್ರಿಚಕ್ರಿಯು ಪ್ಯಾರಿಸನ್ನು ಸೇರುತ್ತಿದ್ದಿತೋ ಇಲ್ಲವೋ. ಅದರ ಮೇಲೆ ಕುಳಿತಿದ್ದ ಇಬ್ಬರು ಮಾತ್ರ ಗೋಬಿಯಲ್ಲಿ ಒಂಟಿಯಾಗುತ್ತಿರಲಿಲ್ಲ.