ಮಧುಮೇಹ ಮತ್ತು ಸಸ್ಯಾಹಾರ

ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಇಲ್ಲವಾದುದರಿಂದಲೋ, ಸಾಲದಾದುದರಿಂದಲೋ, ಇದ್ದೂ ದೇಹದ ಅಂಗಾಂಶಗಳು ಅದಕ್ಕೆ ಓಗೊಡದಿರುವುದರಿಂದಲೋ ರಕ್ತದಲ್ಲಿ ಗ್ಲೂಕೋಸಿನ ಪ್ರಮಾಣ ಮಿತಿಮೀರಿ ನಿಲ್ಲುವ ವ್ಯಾಧಿಗೆ ಮಧುಮೇಹವೆಂದು ಹೆಸರು. ಜನರ ಮಾತಿನಲ್ಲಿ ಇದು ಸಕ್ಕರೆ ಕಾಯಿಲೆ. ಬರಿಹೊಟ್ಟೆಯಲ್ಲಿ ಪರೀಕ್ಷಿಸಿದಾಗ 100 ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸ್ 100 ಮಿಲಿಗ್ರಾಮಿಗಿಂತ ಕಡಮೆಯಿರುವುದು ಸಹಜಸ್ಥಿತಿ. 126 ಅಥವಾ ಅದಕ್ಕೆ ಮೇಲ್ಪಟ್ಟಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಮಧುಮೇಹ. ಇವೆರಡರ ನಡುವಣ ಅವಸ್ಥೆ ವ್ಯಾಧಿಯ ಹೊಸ್ತಿಲು. ಮಾಂಸ, ಮೀನು, ಮೊಟ್ಟೆಗಳನ್ನು ವರ್ಜಿಸಿ ಹಾಲು ಹೈನನ್ನು ಸ್ವೀಕರಿಸುವ ಕರ್ನಾಟಕದ ಸಸ್ಯಾಹಾರಿ ಮನೆಗಳಲ್ಲಿ, ರೂಢಿಯ ಊಟವನ್ನು ತೊರೆಯದೆಯೇ ಈ ವ್ಯಾಧಿಯನ್ನು ಹತೋಟಿಯಲ್ಲಿಡುವ ಬಗೆ ಈ ಲೇಖನದ ವಿಷಯ.

ಆಯುರ್ವೇದಾಚಾರ್ಯರು ಪ್ರಮೇಹವೆಂಬ ಮೂತ್ರರೋಗವನ್ನು 20 ವಿಧವಾಗಿ ವಿಂಗಡಿಸಿ ಮಧುಮೇಹವನ್ನು ಅವುಗಳಲ್ಲಿ ಒಂದಾಗಿ ಎಣಿಸಿದರು. ಸುಶ್ರುತನು ಹುಟ್ಟಿನಿಂದ ಬಂದ ಪ್ರಮೇಹವನ್ನೂ ಅಪಥ್ಯದಿಂದ ಬಂದುದನ್ನೂ ಬೇರ್ಪಡಿಸಿ, ಮೊದಲನೆಯದರ ರೋಗಿ ಕೃಶನೆಂದೂ ಎರಡನೆಯದರವನು ಸ್ಥೂಲನೆಂದೂ ಹೇಳಿರುವುದು ಇನ್ಸುಲಿನ್ ಇಲ್ಲವಾದುದು ಮೊದಲನೆಯ ಬಗೆ, ಸಾಲದಾದುದು ಅಥವಾ ಅಂಗಾಂಶಗಳು ಅದಕ್ಕೆ ಓಗೊಡದಿರುವುದು ಎರಡನೆಯ ಬಗೆ ಎಂಬ ಇಂದಿನ ವೈದ್ಯರ ವಿಂಗಡಣೆಯನ್ನು ನೆನಪಿಗೆ ತರುತ್ತದೆ. ಚರಕನಂತೂ ರೋಗಕಾರಣಗಳನ್ನು ಹೇಳುವಲ್ಲಿ ಸುಖಾಸನ, ಸುಖನಿದ್ರೆಗಳ ಜತೆಗೆ ಪ್ರಾಣಿಗಳ ಮಾಂಸರಸವನ್ನೂ ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದನು. ಸಸ್ಯಾಹಾರಿಗೆಂದು ಅವನು ಯಾವ ವಿನಾಯಿತಿಯನ್ನೂ ಕೊಡಲಿಲ್ಲ. ಪಥ್ಯವಾಗಿ ಜವೆಗೋಧಿಯನ್ನು ಎತ್ತಿಹಿಡಿದನು.

ಮಾಂಸವನ್ನು ಬಿಟ್ಟವನಿಗೆ ಮಧುಮೇಹದ ಭಯ ಕಡಮೆಯೆಂಬ ಮಾತು ಪಶ್ಚಿಮ ದೇಶಗಳಲ್ಲಿ ಬಹುಮಟ್ಟಿಗೆ ನಿಜ. ಉತ್ತರ ಅಮೆರಿಕದ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸಾಹಾರಿಗಳ ಪೈಕಿ ಶೇ. 7.6 ಮಂದಿಗೆ ಎರಡನೆಯ ಬಗೆಯ ಮಧುಮೇಹವಿದ್ದರೆ, ಹಾಲನ್ನೂ ಬಿಟ್ಟ ಶುದ್ಧ ಸಸ್ಯಾಹಾರಿಗಳಲ್ಲಿ ಇದ್ದುದು ಶೇ. 2.9 ಮಂದಿಗೆ ಮಾತ್ರ. ಆದರೆ ಸಸ್ಯಾಹಾರದ ತವರೆನಿಸಿದ ಭಾರತದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ 10.1 ಕೋಟಿ ಮಧುಮೇಹಿಗಳನ್ನು ಅಂದಾಜು ಮಾಡಿತು. ಇವರಲ್ಲಿ ಎಲ್ಲ ಬಗೆಯ ಆಹಾರದವರೂ ಇದ್ದಾರಾದರೂ ಸಸ್ಯಾಹಾರಿ ಮನೆಗಳು ಈ ಲೆಕ್ಕದಿಂದ ಹೊರಗುಳಿದಿಲ್ಲವೆಂಬುದನ್ನು ಯಾವ ವೈದ್ಯನೂ ಬಲ್ಲ. ವ್ಯತ್ಯಾಸವಿರುವುದು ಎಲೆಯ ಮೇಲಿನ ಪದಾರ್ಥಗಳ ಅನುಪಾತದಲ್ಲಿ: ಅಲ್ಲಿಯ ಸಸ್ಯಾಹಾರಿ ಕಾಳು, ತರಕಾರಿ, ಬೀಜಗಳನ್ನು ನೆಚ್ಚಿದ್ದಾನೆ, ಇಲ್ಲಿಯವನು ಅನ್ನವನ್ನು ನೆಚ್ಚಿದ್ದಾನೆ.

ನಮ್ಮ ಮನೆಗಳಲ್ಲಿ ಹುಳಿಗೆ ಅನ್ನ, ಸಾರಿಗೆ ಅನ್ನ, ಮೊಸರಿಗೆ ಅನ್ನ. ಬೆಳಗಿನ ಇಡ್ಲಿ, ದೋಸೆ, ಚಿತ್ರಾನ್ನಗಳೂ ರಾತ್ರಿಯ ಫಲಾಹಾರದ ಅವಲಕ್ಕಿಯೂ ಮೂಲತಃ ಅಕ್ಕಿಯೇ. 100 ಗ್ರಾಮ್ ಅಕ್ಕಿಯಲ್ಲಿ ಪಿಷ್ಟವೇ ಪ್ರಧಾನವಾದ ಶರ್ಕರಪಿಷ್ಟಾದಿಗಳು ಸುಮಾರು 78 ಗ್ರಾಮ್, ಸಸಾರಜನಕ 7 ಗ್ರಾಮಿನ ಆಸುಪಾಸು. ಪಿಷ್ಟವೆಂಬುದು ಗ್ಲೂಕೋಸಿನ ಸರಪಣಿ. ಕರುಳಿನಲ್ಲಿ ಕೊಂಡಿ ಕಳಚಿದೊಡನೆ ಅದು ಸಕ್ಕರೆಯೇ. ಕಾಫಿಗೆ ಹಾಕುವ ಎರಡು ಚಮಚ ಸಕ್ಕರೆ ಸುಮಾರು 10 ಗ್ರಾಮ್; ಅದನ್ನು ವ್ರತದಂತೆ ತ್ಯಜಿಸಿ, ಆ ಬಳಿಕ ನಿಶ್ಚಿಂತೆಯಿಂದ ನಾಲ್ಕು ದೋಸೆ ತಿನ್ನುವ ಮಧುಮೇಹಿ ಬಾಗಿಲಿಗೆ ಅಗುಳಿ ಹಾಕಿ ಗೋಡೆಯನ್ನೇ ಕೆಡವಿದಂತೆ. ಅನ್ನವನ್ನು ನಿಷೇಧಿಸಬೇಕಾದುದಿಲ್ಲ; ಮೂರು ಸಲ ಬಡಿಸಿಕೊಳ್ಳುತ್ತಿದ್ದುದನ್ನು ಒಂದು ಸಲಕ್ಕೆ ಇಳಿಸಿ, ತೆರವಾದ ಜಾಗವನ್ನು ಪಲ್ಯಕ್ಕೂ ಕಾಳಿಗೂ ಬಿಟ್ಟುಕೊಡಬೇಕು.

ಅನ್ನವನ್ನು ಬಿಟ್ಟು ರಾಗಿಯನ್ನು ಹಿಡಿ ಎಂಬ ಸಲಹೆ ಮನೆಮನೆಯಲ್ಲಿ ಕೇಳಬರುತ್ತದೆ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ ಹುಟ್ಟಿ, ಶ್ರೀರಾಮನ ಸನ್ನಿಧಿಯಲ್ಲಿ ರಾಗಿಗೆ ಜಯ ದೊರೆತುದು ಪ್ರಸಿದ್ಧವಷ್ಟೆ. ವೈದ್ಯನ ತೀರ್ಪಾದರೋ ಅಷ್ಟು ನಿಸ್ಸಂದಿಗ್ಧವಲ್ಲ. ರಾಗಿಯಲ್ಲಿ ನಾರು ಹೆಚ್ಚು, ಕ್ಯಾಲ್ಸಿಯಂ 100 ಗ್ರಾಮಿಗೆ 350 ಮಿಲಿಗ್ರಾಮಿನಷ್ಟು. ಆ ಮಟ್ಟಿಗೆ ಅದು ಪಾಲಿಷ್ ಮಾಡಿದ ಅಕ್ಕಿಗಿಂತ ನಿಶ್ಚಯವಾಗಿ ಮೇಲು. ಆದರೆ ಪಿಷ್ಟದ ಅಂಶ ಅಕ್ಕಿಗಿಂತ ತುಂಬ ಕಡಮೆಯೇನೂ ಅಲ್ಲ. ಟೊರಾಂಟೊ ನಗರದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಗ್ಲೈಸಿಮಿಕ್ ಸೂಚ್ಯಂಕವೆಂಬ ಅಳತೆಯನ್ನು ಬಳಕೆಗೆ ತಂದ ಮೇಲೆ, ಒಂದು ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಏರಿಸುತ್ತದೆಂಬುದು ಧಾನ್ಯದ ಕುಲವನ್ನಷ್ಟೇ ಅಲ್ಲದೆ ಅದನ್ನು ಬೀಸಿದ, ಬೇಯಿಸಿದ, ಮೊಳಕೆ ಬರಿಸಿದ ಕ್ರಮವನ್ನೂ ಅವಲಂಬಿಸಿದೆಯೆಂಬ ತಿಳಿವು ದೃಢವಾಯಿತು. ನುಣ್ಣಗೆ ಬೀಸಿ ಕುದಿಸಿದ ಗಂಜಿ ಬೇಗ ಕರಗುತ್ತದೆ. ಮೊಳಕೆ ಕಟ್ಟಿ ಹುರಿದು ಮಾಡಿದ ರಾಗಿ ಮಾಲ್ಟಿನಲ್ಲಿ ಪಿಷ್ಟದ ಒಂದಂಶ ಮೊದಲೇ ಮಾಲ್ಟೋಸ್ ಸಕ್ಕರೆಯಾಗಿರುತ್ತದೆ; ಮಗುವಿಗೆ ಅದು ಅಮೃತವಾದರೂ ಮಧುಮೇಹಿಗೆ ಲೋಟದ ತುಂಬ ಕುಡಿಯುವ ಪಾನೀಯವಲ್ಲ. ಸೊಪ್ಪು, ಈರುಳ್ಳಿ, ನುಗ್ಗೆಯೆಲೆ ಬೆರೆಸಿ ತಟ್ಟಿದ ರೊಟ್ಟಿಯೋ, ಬಸ್ಸಾರಿನೊಡನೆ ಸಣ್ಣ ಮುದ್ದೆಯೋ ಲೇಸು. ದೊಡ್ಡ ಮುದ್ದೆಯನ್ನು ಉಂಡು ಅರಗಿಸಿಕೊಂಡ ರೈತನು ದಿನವೆಲ್ಲ ನೇಗಿಲ ಹಿಂದೆ ನಡೆಯುತ್ತಿದ್ದನೆಂಬುದನ್ನು ಕುರ್ಚಿಯಲ್ಲಿ ಕುಳಿತ ನಾವು ಮರೆಯುತ್ತೇವೆ. ನವಣೆ, ಸಾಮೆ, ಹಾರಕ, ಜೋಳಗಳಿಗೂ ಇದೇ ಮಾತು ಸಲ್ಲುತ್ತದೆ; ತವುಡು ತೆಗೆದು ಬೆಳ್ಳಗಾಗಿಸಿದ ಸಿರಿಧಾನ್ಯದಲ್ಲಿ ಸಿರಿ ಅರ್ಧ ಹೋಗಿರುತ್ತದೆ.

ಸಸ್ಯಾಹಾರಿಯ ನಿಜವಾದ ಬಂಧು ಕಾಳು. ತೊಗರಿ, ಹೆಸರು, ಕಡಲೆ, ಹುರುಳಿ, ಅಲಸಂದೆ, ಅವರೆಗಳಲ್ಲಿ 100 ಗ್ರಾಮಿಗೆ 20ರಿಂದ 25 ಗ್ರಾಮಿನವರೆಗೆ ಸಸಾರಜನಕವಿದೆ. ಅವುಗಳ ಪಿಷ್ಟ ನಾರಿನ ಹೊದಿಕೆಯೊಳಗಿದ್ದು ನಿಧಾನವಾಗಿ ಬಿಡುಗಡೆಯಾಗುತ್ತದೆ. 60 ಕಿಲೋಗ್ರಾಮ್ ತೂಕದ ವಯಸ್ಕನಿಗೆ ದಿನಕ್ಕೆ ಸುಮಾರು 50 ಗ್ರಾಮ್ ಸಸಾರಜನಕ ಬೇಕು. ತಿಳಿಸಾರಿನಲ್ಲಿ ಬೇಳೆಯ ಕಟ್ಟು ಮಾತ್ರವಿರುತ್ತದೆ, ಬೇಳೆ ತಳದಲ್ಲಿ ಉಳಿಯುತ್ತದೆ. ಹೀಗಿರುವಾಗ ಸಾರು-ಅನ್ನವನ್ನೇ ನೆಚ್ಚಿದವನಿಗೆ ಈ ಮೊತ್ತ ಒದಗುವುದು ದುಸ್ತರ. ಮೊಳಕೆ ಹುರುಳಿಯ ಸಾರು, ಮಸ್ಸೊಪ್ಪು, ಕಡಲೆಕಾಳಿನ ಉಸಲಿ, ಹಿಡಿ ಕಡಲೇಕಾಯಿ, ಪನೀರ್, ಗಟ್ಟಿ ಮೊಸರು, ಒಗ್ಗುವವರಿಗೆ ಸೋಯಾ, ಇವು ಕೊರತೆಯನ್ನು ತುಂಬುತ್ತವೆ. ಮೂತ್ರಪಿಂಡಗಳು ಕೆಟ್ಟಿರುವವರು ಮಾತ್ರ ಈ ಏರಿಕೆಯನ್ನು ವೈದ್ಯರನ್ನು ಕೇಳಿಯೇ ಮಾಡತಕ್ಕದ್ದು.

ಊಟದ ಪದಾರ್ಥಗಳಷ್ಟೇ ಅವುಗಳ ಸರದಿಯೂ ಮುಖ್ಯವೆಂಬುದನ್ನು ಈಚಿನ ಪ್ರಯೋಗಗಳು ತೋರಿವೆ: ತರಕಾರಿಯನ್ನೂ ಸಸಾರಜನಕವನ್ನೂ ಮೊದಲು ತಿಂದು ಪಿಷ್ಟವನ್ನು ಕಡೆಗೆ ಉಂಡರೆ ಊಟಾನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ. ಬಾಳೆಯೆಲೆಯ ಮೇಲೆ ಅನ್ನ ಬರುವ ಮುನ್ನ ಕೋಸಂಬರಿಯೂ ಪಲ್ಯವೂ ಬಂದು ಕೂತಿರುತ್ತವೆ. ಅವನ್ನು ತೋರಿಕೆಗೆ ಬೆರಳತುದಿಯಲ್ಲಿ ಮುಟ್ಟದೆ ಹೊಟ್ಟೆ ತುಂಬುವಷ್ಟು ತಿನ್ನುವ ಅಭ್ಯಾಸವಾದರೆ, ಹಳೆಯ ಎಲೆಯೇ ಹೊಸ ಪಥ್ಯವಾದೀತು.

ಬೆಲ್ಲ, ಜೇನುತುಪ್ಪ, ಕಲ್ಲುಸಕ್ಕರೆಗಳು ಪವಿತ್ರವೆನಿಸಿದರೂ ರಕ್ತಕ್ಕೆ ಸಕ್ಕರೆಯೇ. ಮೆಂತ್ಯದ ಬೀಜದಲ್ಲಿರುವ ಅಂಟು ನಾರು ಊಟಾನಂತರದ ಏರಿಕೆಯನ್ನು ಸ್ವಲ್ಪ ತಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಲ್ಲಿ ಈ ಬಗ್ಗೆ ಪ್ರಯೋಗಗಳು ನಡೆದಿವೆ. ಹಾಗಲಕಾಯಿ ಉತ್ತಮ ತರಕಾರಿ. ಅದರ ರಸವನ್ನು ಔಷಧಿಗೆ ಬದಲಿಯಾಗಿ ಕುಡಿಯುವುದಕ್ಕೆ ಆಧಾರ ಸಾಲದು.

ಉಪವಾಸದ ವಿಚಾರದಲ್ಲಿ ತುಸು ವಿಸ್ತಾರ ಅಗತ್ಯ. ಏಕಾದಶಿಯಂದು ಧಾನ್ಯವನ್ನು ಬಿಟ್ಟು ಸಾಬಕ್ಕಿ, ಆಲೂಗೆಡ್ಡೆ, ಬಾಳೆಹಣ್ಣು, ಹಾಲುಗಳನ್ನು ಸೇವಿಸುವವರಿದ್ದಾರೆ. ಸಾಬಕ್ಕಿ ಹೆಚ್ಚುಕಡಮೆ ಅಪ್ಪಟ ಪಿಷ್ಟ, ಸಸಾರಜನಕ ಅದರಲ್ಲಿ ಹೆಸರಿಗಷ್ಟೆ. ನಿರಾಹಾರವಿರುವವರಿಗೆ ಎದುರಾಗುವುದು ತದ್ವಿರುದ್ಧವಾದ ಅಪಾಯ: ಇನ್ಸುಲಿನ್ ಚುಚ್ಚುಮದ್ದನ್ನೋ ಗ್ಲಿಮೆಪಿರೈಡ್‌ನಂಥ ಮಾತ್ರೆಗಳನ್ನೋ ಎಂದಿನ ಪ್ರಮಾಣದಲ್ಲಿಯೇ ತೆಗೆದುಕೊಂಡು ಉಪವಾಸ ಕೂತರೆ ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದು ಬೆವರು, ನಡುಕ, ಎದೆಬಡಿತ, ಮಂಕು, ಕಡೆಗೆ ಪ್ರಜ್ಞಾಶೂನ್ಯತೆ ಪ್ರಾಪ್ತವಾಗಬಹುದು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ತರುವಾಯ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ತುಪ್ಪದಲ್ಲಿ ಮುಳುಗಿದ ಮೈಸೂರು ಪಾಕು ಈ ಹೊತ್ತಿಗೆ ಒದಗದು, ಕೊಬ್ಬು ಸಕ್ಕರೆಯ ಹೀರಿಕೆಯನ್ನು ತಡಮಾಡುತ್ತದೆ. ಅಕಾರ್ಬೋಸ್ ಸೇವಿಸುವವರಿಗೆ ಸಾಮಾನ್ಯ ಸಕ್ಕರೆಯೂ ತಡವಾಗಿ ಒಡೆಯುವುದರಿಂದ ಗ್ಲೂಕೋಸ್ ಪುಡಿಯನ್ನೇ ಕೊಡಬೇಕು.

ಸಸ್ಯಾಹಾರಿ ಮಧುಮೇಹಿಗೆ ವಿಶಿಷ್ಟವಾದ ಇನ್ನೊಂದು ತೊಡಕುಂಟು. ಬಿ12 ಜೀವಸತ್ವ ಸಸ್ಯಗಳಲ್ಲಿಲ್ಲ. ಹಾಲು ಮೊಸರುಗಳಿಂದ ಬರುವುದೇ ಅವನ ಪಾಲು. ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ನನ್ನು ಬಹುಕಾಲ ಸೇವಿಸಿದರೆ ಈ ಅಲ್ಪಾಂಶದ ಹೀರಿಕೆಯೂ ಕುಗ್ಗುತ್ತದೆ. ಬಿ12 ಕೊರತೆಯಿಂದ ಅಂಗಾಲು ಜುಮುಗುಟ್ಟಿ ಸ್ಪರ್ಶ ಮಂದವಾಗುವುದು ಮಧುಮೇಹದ ನರದೌರ್ಬಲ್ಯವನ್ನು ತದ್ವತ್ ಹೋಲುವುದರಿಂದ, ಒಂದನ್ನು ಇನ್ನೊಂದೆಂದು ಭ್ರಮಿಸಿ ವರ್ಷಗಳನ್ನು ಕಳೆದುಕೊಳ್ಳುವ ಸಂಭವವಿದೆ. ರಕ್ತಪರೀಕ್ಷೆಯೊಂದರಿಂದ ಸಂಶಯ ಪರಿಹಾರವಾಗುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆಯಿದ್ದರೆ, ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆ ವಾಸ್ತವಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಬಹುದು.

ವ್ಯಾಧಿಯ ಹೊಸ್ತಿಲಲ್ಲಿರುವವರಿಗೆ ಆಹಾರನಿಯಮವೂ ನಡಿಗೆಯೂ ಎಷ್ಟು ಫಲಕಾರಿಯೆಂಬುದನ್ನು ಚೆನ್ನೈಯ ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು: ಜೀವನಕ್ರಮದ ತಿದ್ದುಪಡಿಯೊಂದರಿಂದಲೇ ರೋಗಕ್ಕೆ ಬೀಳುವ ಸಂಭವ ಶೇ. 28.5ರಷ್ಟು ತಗ್ಗಿತು. ಮೊದಲನೆಯ ಬಗೆಯ ಮಧುಮೇಹದಲ್ಲಾದರೋ ಯಾವ ಪಥ್ಯವೂ ಇನ್ಸುಲಿನ್ನಿಗೆ ಬದಲಿಯಲ್ಲ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಕಂಡುಹಿಡಿದ ಈ ಔಷಧವನ್ನು ಆರು ದಶಕಗಳ ಕಾಲ ದನ, ಹಂದಿಗಳ ಮೇದೋಜೀರಕದಿಂದ ತೆಗೆಯಲಾಗುತ್ತಿತ್ತು. ನಿಷ್ಠಾವಂತ ಸಸ್ಯಾಹಾರಿಗೆ ಪ್ರಾಣರಕ್ಷಣೆಯೂ ಆಚಾರವೂ ಎದುರುಬದುರು ನಿಲ್ಲುವ ಧರ್ಮಸಂಕಟ ಅದು. ಬ್ಯಾಕ್ಟೀರಿಯಗಳಿಂದ ತಯಾರಾದ ಮಾನವ ಇನ್ಸುಲಿನ್ನಿಗೆ 1982ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟ್ ಜೀವಾಣುವಿನಿಂದ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು.